ಮ್ಯಾಕ್ಸ್ ವರ್ಸ್ಟಪ್ಪೆನ್: ಕಾರ್ಟ್‌ನಿಂದ ಇಳಿದು ವರ್ಷ ತುಂಬುವ ಮೊದಲೇ ಫಾರ್ಮುಲಾ 1 ಕಾರು ಹತ್ತಿದ್ದು ಹೇಗೆ?

ತುಂಗಾ ತೀರ:

ಎಲ್ಲರಿಗೂ ನಮಸ್ಕಾರ. ನಾನು ಫಾರ್ಮುಲಾ 1 ನೋಡಲು ಶುರು ಮಾಡಿದ್ದು 2021ರಲ್ಲಿ. ಹಾಗಾಗಿ ಮ್ಯಾಕ್ಸ್ ಅಂದರೆ ನನಗೆ ಮೊದಲಿನಿಂದಲೂ ಗೆಲ್ಲುವವನು. ಅವನು ಅಲ್ಲಿಗೆ ಬಂದ ದಾರಿ ಯಾವುದು ಅಂತ ಈ ವಾರ ಕೂತು ಓದಿದೆ. ಆಮೇಲೆ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ.

2013ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ವರೆನ್ ಟ್ರ್ಯಾಕ್‌ನಲ್ಲಿ ಅವನು ಕಾರ್ಟಿಂಗ್ (ಪುಟ್ಟ ತೆರೆದ ಗಾಡಿಗಳ ರೇಸ್) ವಿಶ್ವ ಚಾಂಪಿಯನ್ ಆದ. ಆಗ 15 ವರ್ಷ. ಅಕ್ಟೋಬರ್ 11ರಂದು ವೇಲ್ಸ್‌ನ ಪೆಂಬ್ರಿಯಲ್ಲಿ ಜೀವನದಲ್ಲೇ ಮೊದಲ ಸಲ ರೇಸ್ ಕಾರು ಓಡಿಸಿದ. ಅದು ಫಾರ್ಮುಲಾ ರೆನೊ ಕಾರು. 160 ಸುತ್ತು ಹೊಡೆದನಂತೆ. 2014ರ ಅಕ್ಟೋಬರ್ 3ರಂದು ಜಪಾನಿನ ಸುಝುಕಾದಲ್ಲಿ ಫಾರ್ಮುಲಾ 1 ಕಾರಿನಲ್ಲಿ ಶುಕ್ರವಾರದ ಅಭ್ಯಾಸಕ್ಕೆ ಇಳಿದ. 17 ತುಂಬಿ ಮೂರೇ ದಿನ. ಪೆಂಬ್ರಿಯಿಂದ ಸುಝುಕಾಗೆ ಒಂದು ವರ್ಷವೂ ಆಗಿರಲಿಲ್ಲ.

ಉಳಿದ ಹುಡುಗರು ನಾಲ್ಕೈದು ವರ್ಷ ಬೇರೆ ಬೇರೆ ಸಣ್ಣ ಫಾರ್ಮುಲಾ ಕಾರುಗಳಲ್ಲಿ ಕಳೆಯುತ್ತಾರೆ. ಇವನು ಪೂರ್ತಿ ಸೀಸನ್ ಓಡಿಸಿದ್ದು ಒಂದೇ, ಯುರೋಪಿಯನ್ ಫಾರ್ಮುಲಾ 3. ನನಗೆ ಗೊತ್ತಿರುವ ಕಾರ್ಟ್ ಅಂದರೆ ರಜೆಯಲ್ಲಿ ಮಕ್ಕಳು ಟಿಕೆಟ್ ತೆಗೆದುಕೊಂಡು ಓಡಿಸುವ ಗಾಡಿ. ಅದರಲ್ಲಿ ಇಷ್ಟೆಲ್ಲಾ ಕಲಿಯಲು ಆಗುತ್ತಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಎರಡನೇ ಗೇರ್:

ಉತ್ತರ ಸುಲಭ. ಅಪ್ಪ ಯೋಸ್ ವರ್ಸ್ಟಪ್ಪೆನ್ ಫಾರ್ಮುಲಾ 1ರಲ್ಲಿ ನೂರಕ್ಕೂ ಹೆಚ್ಚು ರೇಸ್ ಓಡಿಸಿದವರು. 1994ರಲ್ಲಿ ಬೆನೆಟನ್ ತಂಡದಲ್ಲಿ ಮೈಕೆಲ್ ಶುಮಾಕರ್ ಜೊತೆಗಾರ. ಹಂಗೆರಿಯಲ್ಲೂ ಬೆಲ್ಜಿಯಂನಲ್ಲೂ ಮೂರನೇ ಸ್ಥಾನ. ಯಾವ ತಂಡದ ಬಾಗಿಲು ತಟ್ಟಿದರೂ ತೆರೆಯುತ್ತದೆ. ಅಷ್ಟೇ ವೇಗದ ಬೇರೆ ಹುಡುಗನಿಗೆ ಆ ಬಾಗಿಲು ಎಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ.

ಕಾರ್ಟ್ ಮೆಕ್ಯಾನಿಕ್:

ಬಾಗಿಲು ತೆರೆಯಿತು ಅನ್ನುವುದನ್ನು ಒಪ್ಪುತ್ತೇನೆ ಸರ್. ಆದರೆ ತುಂಗಾ ತೀರ ಅವರು ಕೇಳಿದ್ದು ಬೇರೆ. ಒಳಗೆ ಹೋದ ಮೇಲೆ ಹೇಗೆ ನಿಂತ ಅನ್ನುವುದು. ನಾನು ಆರು ವರ್ಷ ರೇಸ್ ಕಾರ್ಟ್‌ಗಳ ಕೆಲಸ ಮಾಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಒಂದು ಮಾತು. ಟಿಕೆಟ್ ಕೊಟ್ಟು ಓಡಿಸುವ ಕಾರ್ಟ್‌ಗೂ ರೇಸ್ ಕಾರ್ಟ್‌ಗೂ ಸಂಬಂಧವೇ ಇಲ್ಲ. ರೇಸ್ ಕಾರ್ಟ್‌ಗೆ ಸಸ್ಪೆನ್ಷನ್ ಇರುವುದಿಲ್ಲ. ಚಾಸಿಯ, ಅಂದರೆ ಅಡಿ ಚೌಕಟ್ಟಿನ, ಪೈಪ್‌ಗಳೇ ಬಳುಕಿ ಆ ಕೆಲಸ ಮಾಡಬೇಕು. ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕೂಡ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಕೂತಿರುತ್ತವೆ. ತಿರುವಿನಲ್ಲಿ ಎರಡೂ ಒಂದೇ ವೇಗದಲ್ಲಿ ತಿರುಗಲು ಹೋದರೆ ಕಾರ್ಟ್ ನೆಟ್ಟಗೆ ಮುಂದಕ್ಕೆ ಹೋಗುತ್ತದೆ, ತಿರುಗುವುದೇ ಇಲ್ಲ. ಅದಕ್ಕೆ ಒಳಗಿನ ಹಿಂಚಕ್ರವನ್ನು ಒಂದು ಕ್ಷಣ ನೆಲದಿಂದ ಎತ್ತಬೇಕು. ಸ್ಟೀರಿಂಗ್ ತಿರುಗಿಸುವ ರೀತಿ, ಬ್ರೇಕ್ ಬಿಡುವ ಹೊತ್ತು, ಸೀಟಿನಲ್ಲಿ ಮೈ ಭಾರ ಎಲ್ಲಿದೆ ಅನ್ನುವುದು, ಎಲ್ಲ ಸೇರಿ ಆ ಚಕ್ರ ಏಳುತ್ತದೆ. ಜಾಸ್ತಿ ಹೊತ್ತು ಎತ್ತಿದರೆ ವೇಗ ಸಾಯುತ್ತದೆ. ಬೇಗ ಇಳಿಸಿದರೆ ಕಾರ್ಟ್ ಕಟ್ಟಿಹಾಕಿದ ಹಾಗೆ ನಿಲ್ಲುತ್ತದೆ. ಒಂದು ಸುತ್ತಿನಲ್ಲಿ ಹತ್ತು ಹದಿನೈದು ಸಲ ಇದನ್ನು ಮಾಡಬೇಕು. ಮ್ಯಾಕ್ಸ್ ಇದನ್ನು ನಾಲ್ಕೂವರೆ ವರ್ಷದ ವಯಸ್ಸಿನಿಂದ ಮಾಡಿದ್ದಾನೆ.

ಇನ್ನು 2013. ಆ ವರ್ಷ ಅವನು ಕೆಎಫ್ ವರ್ಗದಲ್ಲಿ ಯುರೋಪಿಯನ್ ಚಾಂಪಿಯನ್. ಕೆಜೆಡ್ ವರ್ಗದಲ್ಲಿ ಯುರೋಪಿಯನ್ ಚಾಂಪಿಯನ್ ಮತ್ತು ವಿಶ್ವ ಚಾಂಪಿಯನ್. ಎರಡೂ 125 ಸಿಸಿ ಎಂಜಿನ್. ಆದರೆ ಓಡಿಸುವ ಬಗೆ ಪೂರ್ತಿ ಬೇರೆ. ಕೆಎಫ್‌ನಲ್ಲಿ ಗೇರ್ ಬದಲಿಸುವುದು ಇಲ್ಲ. ತಿರುವಿನಲ್ಲಿ ವೇಗ ಕಳೆದುಕೊಂಡರೆ ಮುಗಿಯಿತು, ಹಾಗಾಗಿ ಬೆಣ್ಣೆಯ ಮೇಲೆ ಕೈ ಆಡಿಸಿದ ಹಾಗೆ ಓಡಿಸಬೇಕು. ಕೆಜೆಡ್‌ನಲ್ಲಿ ಆರು ಗೇರ್. ಅಲ್ಲಿ ತಡವಾಗಿ, ಗಟ್ಟಿಯಾಗಿ ಬ್ರೇಕ್ ಹಾಕಿ, ಕಾರ್ಟ್ ತಿರುಗಿಸಿ, ಗೇರ್ ಏರಿಸುತ್ತಾ ಹೊರಡಬೇಕು. ಒಂದರಲ್ಲಿ ಒಳ್ಳೆಯದಾದ ಅಭ್ಯಾಸ ಇನ್ನೊಂದರಲ್ಲಿ ಕೆಟ್ಟದ್ದು. ಒಂದೇ ವರ್ಷ ಎರಡರಲ್ಲೂ ಯುರೋಪಿಗೆ ಮೊದಲಿಗನಾಗುವ ಹುಡುಗ ಗಾಡಿ ಬದಲಾದ ಕೂಡಲೇ ತನ್ನನ್ನೂ ಬದಲಿಸಿಕೊಳ್ಳುತ್ತಾನೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ತುಂಗಾ ತೀರ:

ಒಳಗಿನ ಚಕ್ರ ಎತ್ತುವ ವಿಷಯ ನನಗೆ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ. ಹಾಗಾದರೆ ಕಾರ್ಟ್‌ನಲ್ಲಿ ಇಲ್ಲದ್ದು ಕಾರಿನಲ್ಲಿ ಏನಿದೆ? ಅವನು ಹೊಸದಾಗಿ ಕಲಿಯಬೇಕಾಗಿದ್ದು ಏನು?

ಕಾರ್ಟ್ ಮೆಕ್ಯಾನಿಕ್:

ಗಾಳಿ. ಫಾರ್ಮುಲಾ 3 ಕಾರಿಗೆ ಹಿಂದೆ ಮುಂದೆ ರೆಕ್ಕೆ ಇರುತ್ತದೆ. ವೇಗ ಹೆಚ್ಚಿದಷ್ಟೂ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ, ಹಿಡಿತವೂ ಹೆಚ್ಚುತ್ತದೆ. ಕಾರ್ಟ್‌ನವನ ಮೈಗೆ ಇದು ನಂಬಲು ಆಗದ ಮಾತು. ಜಾರುತ್ತಿದೆ ಅನ್ನಿಸಿದಾಗ ಇನ್ನೂ ಜೋರಾಗಿ ಹೋಗು ಅಂದರೆ ಯಾರು ಕೇಳುತ್ತಾರೆ? ಜೊತೆಗೆ ಭಾರ. ಕಾರ್ಟ್ ಹುಡುಗನ ಭಾರವೂ ಸೇರಿ ಇನ್ನೂರು ಕಿಲೋ ಮುಟ್ಟುವುದಿಲ್ಲ. ಕಾರು ಐನೂರು ಕಿಲೋ ದಾಟುತ್ತದೆ. ತಪ್ಪು ಮಾಡಿದ ಮೇಲೆ ಅದು ತಡವಾಗಿ ತಿಳಿಸುತ್ತದೆ, ಸರಿಮಾಡಲು ಸಮಯ ಕೊಡುವುದಿಲ್ಲ. ಟೈರ್ ಬಿಸಿ ಮಾಡುವುದು, ಅದನ್ನು ರೇಸ್ ಪೂರ್ತಿ ಕಾಪಾಡುವುದು ಇನ್ನೊಂದು ವಿದ್ಯೆ.

ಇದಕ್ಕಾಗಿಯೇ ಅವನು 2014ರ ಶುರುವಿನಲ್ಲಿ ಅಮೆರಿಕದ ಫ್ಲೋರಿಡಾಗೆ ಹೋಗಿದ್ದು. ಫೆರಾರಿಯ ಯುವ ಚಾಲಕರ ಅಕಾಡೆಮಿ ನಡೆಸಿದ ಚಳಿಗಾಲದ ಸರಣಿ. ಚಾಂಪಿಯನ್‌ಶಿಪ್ ಇಲ್ಲ, ಪಾಯಿಂಟ್ ತಲೆನೋವು ಇಲ್ಲ. ಕಲಿಯಲು ಹೇಳಿ ಮಾಡಿಸಿದ ಜಾಗ. ಅಲ್ಲೂ ರೇಸ್ ಗೆದ್ದುಕೊಂಡೇ ಬಂದ.

ಐಂಡ್‌ಹೋವನ್ ಕನ್ನಡತಿ:

ನಾವು ಇಲ್ಲಿ ನೆದರ್ಲೆಂಡ್ಸ್‌ಗೆ ಬಂದು ಏಳು ವರ್ಷ ಆಯಿತು. ಗೆಂಕ್ ಕಾರ್ಟಿಂಗ್ ಟ್ರ್ಯಾಕ್ ನಮ್ಮ ಮನೆಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ, ಗಡಿ ದಾಟಿ ಬೆಲ್ಜಿಯಂ ಕಡೆ. ಮ್ಯಾಕ್ಸ್ ಬೆಳೆದದ್ದು ಅದರ ಆಸುಪಾಸಿನಲ್ಲೇ. ಹುಟ್ಟಿದ್ದು 1997ರ ಸೆಪ್ಟೆಂಬರ್ 30, ಬೆಲ್ಜಿಯಂನ ಹಾಸೆಲ್ಟ್ ಊರಲ್ಲಿ. ಅಮ್ಮ ಬೆಲ್ಜಿಯಂನವರು, ಅಪ್ಪ ಡಚ್.

ಈ ಭಾಗದ ವಿಶೇಷ ಏನೆಂದರೆ ಲಿಂಬರ್ಗ್ ಅನ್ನುವ ಹೆಸರಿನ ಪ್ರಾಂತ್ಯ ಗಡಿಯ ಎರಡೂ ಕಡೆ ಇದೆ. ಭಾಷೆಯೂ ಒಂದೇ ತರ. ನಮ್ಮ ಬೆಳಗಾವಿ, ಕಾಸರಗೋಡಿನ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಸ್ಕೂಲು ಒಂದು ಕಡೆ, ಅಂಗಡಿ ಇನ್ನೊಂದು ಕಡೆ, ನೆಂಟರು ಎರಡೂ ಕಡೆ. ಅಪ್ಪನ ಜೊತೆ ಕಾರ್ಟಿಂಗ್ ಅಂತ ಓಡಾಡುತ್ತಾ ಡಚ್ ಜನರ ನಡುವೆಯೇ ಇದ್ದೆ, ಹಾಗಾಗಿ ತಾನು ಡಚ್ ಅಂತಲೇ ಅನ್ನಿಸುತ್ತದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅದಕ್ಕೇ ಡಚ್ ಲೈಸೆನ್ಸ್‌ನಲ್ಲಿ ರೇಸ್ ಓಡಿಸುತ್ತಾನೆ.

ಆದರೆ ಎಲ್ಲರೂ ಅಪ್ಪನ ಹೆಸರನ್ನೇ ಹೇಳುತ್ತೀರಿ. ಅಮ್ಮ ಸೋಫಿ ಕುಂಪೆನ್ ಸ್ವತಃ ದೊಡ್ಡ ಕಾರ್ಟಿಂಗ್ ಚಾಲಕಿ. 1995ರಲ್ಲಿ ಇಟಲಿಯ ಆಂದ್ರೆಯಾ ಮಾರ್ಗುತ್ತಿ ಟ್ರೋಫಿ ಗೆದ್ದವರು. ಅದರಲ್ಲಿ ಹುಡುಗರನ್ನೆಲ್ಲಾ ಹಿಂದೆ ಹಾಕಿ ಗೆದ್ದರು. ಪುಟ್ಟ ಮ್ಯಾಕ್ಸ್ ಟ್ರ್ಯಾಕ್‌ನಲ್ಲಿ ತನಗಿಂತ ಚಿಕ್ಕ ಹುಡುಗನೊಬ್ಬ ಕಾರ್ಟ್ ಓಡಿಸುವುದನ್ನು ನೋಡಿ ಹಟ ಹಿಡಿದು ಅತ್ತನಂತೆ. ಆರು ವರ್ಷ ಆಗಲಿ ಅಂದಿದ್ದ ಅಪ್ಪನಿಗೆ ಫೋನ್ ಮಾಡಿ ಒಪ್ಪಿಸಿದ್ದು ಅಮ್ಮ. ಆ ಫೋನ್ ಇಲ್ಲದಿದ್ದರೆ ಇನ್ನೂ ಒಂದೂವರೆ ವರ್ಷ ಕಾಯಬೇಕಿತ್ತು.

ಮಳೆ ಟೈರ್:

ಚೆನ್ನಾಗಿ ಹೇಳಿದಿರಿ ಅಕ್ಕ. ಅಮ್ಮನ ಮಾತು ಯಾರೂ ಎತ್ತುವುದಿಲ್ಲ.

ನಾನು ಹೇಳಬೇಕೆಂದಿರುವುದು 2012ರ ಕಥೆ. ಯೋಸ್ ತಾವೇ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದರು. ವ್ಯಾನ್‌ನಲ್ಲಿ ಕಾರ್ಟ್ ತುಂಬಿಕೊಂಡು ಅಪ್ಪ ಮಗ ಇಟಲಿಗೆ ಹೋಗಿ ಬರುತ್ತಿದ್ದರು. ಆ ವರ್ಷ ನೇಪಲ್ಸ್ ಹತ್ತಿರದ ಸಾರ್ನೊದಲ್ಲಿ ಕೆಜೆಡ್2 ವಿಶ್ವ ಕಪ್. ಮ್ಯಾಕ್ಸ್ ಎಲ್ಲರಿಗಿಂತ ವೇಗ. ಕಪ್ ಕೈಯಲ್ಲೇ ಇದ್ದ ಹಾಗೆ. ಫೈನಲ್‌ನಲ್ಲಿ ಒಂದು ಸ್ಥಾನ ಹೋಯಿತು. ಒಂದೆರಡು ಸುತ್ತು ಕಾದಿದ್ದರೆ ಆರಾಮಾಗಿ ವಾಪಸ್ ಸಿಗುತ್ತಿತ್ತು. ಇವನು ತಕ್ಷಣ ನುಗ್ಗಿದ, ತಾಗಿದ, ರೇಸ್ ಮುಗಿಯಿತು.

ಯೋಸ್‌ಗೆ ಎಷ್ಟು ಸಿಟ್ಟು ಬಂತೆಂದರೆ ಮನೆಗೆ ಬರುವ ದಾರಿಯಲ್ಲಿ ಮಗನನ್ನು ಒಂದು ಪೆಟ್ರೋಲ್ ಬಂಕ್‌ನಲ್ಲಿ ಇಳಿಸಿ ಹೊರಟುಬಿಟ್ಟರು. ಆಮೇಲೆ ವಾಪಸ್ ಬಂದು ಹತ್ತಿಸಿಕೊಂಡರು. ಆದರೆ ದಿನಗಟ್ಟಲೆ ಮಾತಾಡಲಿಲ್ಲ. ಇದನ್ನು ಅಪ್ಪ ಮಗ ಇಬ್ಬರೂ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಮುಂದಿನ ವರ್ಷ ಏನಾಯಿತು ಅಂತ ಮೇಲೆಯೇ ಇದೆ. ಮೂರು ದೊಡ್ಡ ಪಟ್ಟ. ಕಾಯುವುದನ್ನು ಕಲಿತ.

ಶಿರಸಿ ಅಕ್ಕ:

ನಾನು ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಈ ಕಥೆಯನ್ನು ಹೆಮ್ಮೆಯಿಂದ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಹದಿಹರೆಯದ ಹುಡುಗ. ಪರದೇಶ. ಸೋತು ಮನಸ್ಸು ಮುರಿದಿರುವ ಹೊತ್ತು. ಅವನನ್ನು ಬಂಕ್‌ನಲ್ಲಿ ಬಿಟ್ಟು ಹೋಗುವುದು ಕಲಿಸುವ ರೀತಿಯೇ? ಗೆದ್ದ ಹುಡುಗನ ಕಥೆ ಮಾತ್ರ ನಮಗೆ ಕೇಳಿಸುತ್ತದೆ. ಇದೇ ತರ ಬೆಳೆದು ಹದಿನಾಲ್ಕಕ್ಕೇ ಹೆಲ್ಮೆಟ್ ಕಳಚಿಟ್ಟ ಮಕ್ಕಳ ಕಥೆ ಯಾರೂ ಬರೆಯುವುದಿಲ್ಲ.

ಮಳೆ ಟೈರ್:

ನಿಮ್ಮ ಮಾತು ಒಪ್ಪುತ್ತೇನೆ ಅಕ್ಕ. ಬಿಟ್ಟು ಹೋಗಿದ್ದು ತಪ್ಪು. ನಾನು ಅದನ್ನು ಗೆಲುವಿಗೆ ಕಾರಣ ಅನ್ನುವ ಹಾಗೆ ಬರೆದೆ. ಹಾಗೆ ಬರೆಯಬಾರದಿತ್ತು. ನಿಜ ಹೇಳಬೇಕೆಂದರೆ ಯೋಸ್ ಕೊಟ್ಟಿದ್ದರಲ್ಲಿ ಬೆಲೆ ಬಾಳುವುದು ಬೇರೆ ಇದೆ. ಯಾರೂ ಓವರ್‌ಟೇಕ್ ಮಾಡದ ತಿರುವನ್ನು ತೋರಿಸಿ ಇಲ್ಲೇ ಮಾಡು ಅನ್ನುತ್ತಿದ್ದರಂತೆ. ಕೈ ಮರಗಟ್ಟುವ ಚಳಿಯಲ್ಲೂ ಮಳೆಯಲ್ಲೂ ಗೆಂಕ್‌ನಲ್ಲಿ ಅಭ್ಯಾಸ.

ಅದರ ಫಲ ನೋಡಬೇಕಾದರೆ 2016ರ ಬ್ರೆಜಿಲ್ ರೇಸ್ ನೋಡಿ. ಜೋರು ಮಳೆ. ತಡವಾಗಿ ಟೈರ್ ಬದಲಿಸಿ ತುಂಬಾ ಹಿಂದೆ ಬಿದ್ದಿದ್ದ. ಕೊನೆಯ ಸುಮಾರು 15 ಸುತ್ತಿನಲ್ಲಿ ಒಬ್ಬೊಬ್ಬರನ್ನೇ ದಾಟಿ ಮೂರನೇ ಸ್ಥಾನಕ್ಕೆ ಬಂದ. ಉಳಿದವರು ಒಣ ರಸ್ತೆಯ ಸಾಲಿನಲ್ಲೇ (ರಸ್ತೆ ಒಣಗಿದ್ದಾಗ ಕಾರುಗಳು ಹಿಡಿಯುವ ದಾರಿ) ಹೋಗುತ್ತಿದ್ದರು. ಇವನು ತಿರುವಿನ ಹೊರ ಅಂಚಿನಲ್ಲಿ ಹೋಗುತ್ತಿದ್ದ.

ಕಾರ್ಟ್ ಮೆಕ್ಯಾನಿಕ್:

ಅದು ಶುದ್ಧ ಕಾರ್ಟಿಂಗ್ ಸಾಲು! ಒಣಗಿದ್ದಾಗ ಎಲ್ಲರೂ ಓಡುವ ಸಾಲಿನಲ್ಲಿ ಟೈರಿನ ರಬ್ಬರ್ ಅಂಟಿರುತ್ತದೆ. ಮಳೆ ಬಿದ್ದರೆ ಅದೇ ಜಾಗ ಪಾಚಿ ಕಟ್ಟಿದ ಕಲ್ಲಿನ ಹಾಗೆ. ರಬ್ಬರ್ ಇಲ್ಲದ ಒರಟು ಟಾರ್ ಹುಡುಕಿಕೊಂಡು ಹೊರಗೆ ಹೋಗಬೇಕು. ಮಳೆಯಲ್ಲಿ ಓಡಿಸುವ ಕಾರ್ಟ್ ಮಕ್ಕಳಿಗೆ ಮೊದಲು ಹೇಳಿಕೊಡುವ ಪಾಠ ಇದು. ಆ ರೇಸ್ ನೋಡುವಾಗ ನಾನು ಎದ್ದು ನಿಂತಿದ್ದೆ.

ತುಂಗಾ ತೀರ:

ಮತ್ತೆ 2014ಕ್ಕೆ ಬರೋಣ. ಫಾರ್ಮುಲಾ 3ರಲ್ಲಿ ಅವನೇ ಚಾಂಪಿಯನ್ ಅಲ್ವಾ? ಅದಕ್ಕೇ ಕರೆದಿದ್ದಾ?

ಹಳೆ ಪಿಟ್ ಬೋರ್ಡ್:

ಅಲ್ಲ. ಮೂರನೆಯವನು. ಚಾಂಪಿಯನ್ ಆದದ್ದು ಪ್ರೇಮಾ ತಂಡದ ಎಸ್ತೆಬಾನ್ ಓಕೋನ್, ಎರಡನೆಯವನು ಟಾಮ್ ಬ್ಲೊಮ್‌ಕ್ವಿಸ್ಟ್. ಆದರೆ ಮ್ಯಾಕ್ಸ್ ಗೆದ್ದ ರೇಸ್‌ಗಳು 10, ಓಕೋನ್‌ಗಿಂತ ಒಂದು ಜಾಸ್ತಿ. ಓಕೋನ್ ಕೆಟ್ಟ ದಿನವೂ ಪಾಯಿಂಟ್ ತರುತ್ತಿದ್ದ. ಮ್ಯಾಕ್ಸ್‌ಗೆ ಮುಗಿಸದ ರೇಸ್‌ಗಳು ಹೆಚ್ಚು. ಎಂಜಿನ್ ಬದಲಿಸಿದ್ದಕ್ಕೆ ದಂಡವೂ ಬಿತ್ತು.

ಕಣ್ಣು ಬಿದ್ದಿದ್ದು ಬೇಸಿಗೆಯಲ್ಲಿ. ಬೆಲ್ಜಿಯಂನ ಸ್ಪಾದಲ್ಲಿ ಮೂರಕ್ಕೆ ಮೂರು ಗೆದ್ದ. ಮುಂದಿನ ವಾರಾಂತ್ಯ ನ್ಯೂರೆಂಬರ್ಗ್‌ನ ನೊರಿಸ್‌ರಿಂಗ್‌ನಲ್ಲಿ ಮತ್ತೆ ಮೂರಕ್ಕೆ ಮೂರು. ಸ್ಪಾ ಅಂದರೆ ಏಳು ಕಿಲೋಮೀಟರ್, ಗುಡ್ಡ ಹತ್ತಿ ಇಳಿಯುವ, ಗಾಳಿಯ ಒತ್ತಡದ ಮೇಲೆ ನಿಂತಿರುವ ಟ್ರ್ಯಾಕ್. ನೊರಿಸ್‌ರಿಂಗ್ ಅದರ ಮೂರನೇ ಒಂದು ಭಾಗ ಉದ್ದ. ಊರ ರಸ್ತೆ, ಬದಿಯಲ್ಲಿ ಗೋಡೆ, ಬ್ರೇಕ್ ಹಾಕು, ತಿರುಗಿಸು, ಹೊರಡು. ಕಾರ್ಟ್ ಮೆಕ್ಯಾನಿಕ್ ಅವರು ಕೆಎಫ್, ಕೆಜೆಡ್ ಬಗ್ಗೆ ಹೇಳಿದ್ದು ಇಲ್ಲಿಗೆ ಸರಿಯಾಗಿ ಕೂರುತ್ತದೆ. ಎರಡು ಬೇರೆ ಜಾತಿಯ ಟ್ರ್ಯಾಕ್, ಸಾಲಾಗಿ ಆರು ಗೆಲುವು, ವಯಸ್ಸು 16.

ಇನ್ನೊಂದು ವಿಷಯ. ಅವನು ಓಡಿಸಿದ್ದು ವಾನ್ ಅಮೆರ್ಸ್‌ಫೋರ್ಟ್ ರೇಸಿಂಗ್ ಅನ್ನುವ ಡಚ್ ತಂಡಕ್ಕೆ. 1992ರಲ್ಲಿ ಯೋಸ್ ಕಾರ್ಟ್ ಬಿಟ್ಟು ಫಾರ್ಮುಲಾ ಓಪೆಲ್ ಲೋಟಸ್ ಕಾರಿಗೆ ಬಂದಾಗ ಅವರನ್ನೂ ಓಡಿಸಿದ್ದು ಇದೇ ತಂಡ. ಯೋಸ್ ಕೂಡ ವೇಗವಾಗಿಯೇ ಹತ್ತಿದರು. 1993ರಲ್ಲಿ ಜರ್ಮನ್ ಫಾರ್ಮುಲಾ 3 ಪಟ್ಟ, 1994ರಲ್ಲಿ ಶುಮಾಕರ್ ಪಕ್ಕದ ಕಾರು. ಎರಡೇ ವರ್ಷ. ಆ ಕಾರು ಶುಮಾಕರ್‌ಗೆ ಒಗ್ಗಿತ್ತು, ಯೋಸ್‌ಗೆ ಒಗ್ಗಲೇ ಇಲ್ಲ. ಹಾಕೆನ್‌ಹೈಮ್‌ನಲ್ಲಿ ರೇಸ್ ನಡುವೆ ಇಂಧನ ತುಂಬುವಾಗ ಹತ್ತಿದ ಬೆಂಕಿಯಲ್ಲೂ ಸಿಕ್ಕಿಕೊಂಡರು. ಬೇಗ ಹೋದರೆ ಏನಾಗುತ್ತದೆ ಅನ್ನುವುದನ್ನು ಮೈಮೇಲೆ ಅನುಭವಿಸಿದ ಮನುಷ್ಯ ಮಗನನ್ನು ಇನ್ನೂ ಬೇಗ ಕಳಿಸಿದರು. ನನಗೆ ಅನ್ನಿಸುವುದು, ಆ ಹತ್ತು ವರ್ಷದ ಕಾರ್ಟಿಂಗ್ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು.

ಎರಡನೇ ಗೇರ್:

ಇದೆಲ್ಲಾ ಸರಿ. ಆದರೆ ನಿಕ್ ಡಿ ವ್ರೀಸ್ ಬಗ್ಗೆಯೂ ಮಾತಾಡಿ. ಅವನೂ ಡಚ್. ಕಾರ್ಟಿಂಗ್ ವಿಶ್ವ ಚಾಂಪಿಯನ್, ಅದೂ ಎರಡು ಸಲ, 2010 ಮತ್ತು 2011. ಮ್ಯಾಕ್ಸ್‌ಗಿಂತ ಎರಡೂವರೆ ವರ್ಷ ದೊಡ್ಡವನು. ಮೆಕ್ಲಾರೆನ್ ಅವನನ್ನು ಹದಿಹರೆಯದಲ್ಲೇ ಕೈಹಿಡಿದಿತ್ತು. ಆಮೇಲೆ ಅವನು ಪ್ರತಿಯೊಂದು ಮೆಟ್ಟಿಲನ್ನೂ ನಿಂತು ನಿಂತು ಹತ್ತಿದ. ಮೂರು ವರ್ಷ ಫಾರ್ಮುಲಾ ರೆನೊ 2.0, ಒಂದು ವರ್ಷ 3.5, ಒಂದು ವರ್ಷ ಜಿಪಿ3, ಆಮೇಲೆ ಫಾರ್ಮುಲಾ 1ರ ಕೆಳಗಿನ ಕೊನೇ ಮೆಟ್ಟಿಲಾದ ಫಾರ್ಮುಲಾ 2ರಲ್ಲಿ ಮೂರು ವರ್ಷ. 2019ರಲ್ಲಿ ಫಾರ್ಮುಲಾ 2 ಪಟ್ಟವನ್ನೂ ಗೆದ್ದ. ಫಾರ್ಮುಲಾ 1 ಸೀಟು ಮಾತ್ರ ಸಿಗಲಿಲ್ಲ. ವಿದ್ಯುತ್ ಕಾರುಗಳ ಫಾರ್ಮುಲಾ ಇಗೆ ಹೋಗಿ ಅಲ್ಲೂ ಚಾಂಪಿಯನ್ ಆದ.

ಕೊನೆಗೆ 2022ರಲ್ಲಿ ಇಟಲಿಯ ಮೊಂಜಾದಲ್ಲಿ ವಿಲಿಯಮ್ಸ್ ತಂಡದ ಚಾಲಕ ಆಲ್ಬನ್‌ಗೆ ಹುಷಾರಿಲ್ಲ ಅಂತ ಅವನ ಕಾರು ಸಿಕ್ಕಿತು. ಒಂಬತ್ತನೇ ಸ್ಥಾನ. ಆಗ 27 ವರ್ಷ. 2023ರಲ್ಲಿ ಆಲ್ಫಾಟೌರಿಗೆ ತೆಗೆದುಕೊಂಡರು, ಹತ್ತು ರೇಸ್ ಆದ ಮೇಲೆ ಕೈಬಿಟ್ಟರು. ಆ ತಂಡ ಯಾವುದು? ಮ್ಯಾಕ್ಸ್‌ಗೆ 17ರಲ್ಲಿ ಕಾರು ಕೊಟ್ಟ ಅದೇ ಟೊರೊ ರೊಸ್ಸೊ, ಹೆಸರು ಮಾತ್ರ ಬೇರೆ. ಇದನ್ನು ನೆನೆದರೆ ನನಗೆ ಸಂಕಟ ಆಗುತ್ತದೆ. ಪ್ರತಿಭೆ ಇದ್ದರೆ ಸಾಕು ಅಂತ ಯಾರೂ ಹೇಳಬೇಡಿ.

ಹಳೆ ಪಿಟ್ ಬೋರ್ಡ್:

ನಿಕ್ ವಿಷಯದಲ್ಲಿ ನಿಮ್ಮ ಸಂಕಟ ನನಗೂ ಇದೆ. ಮ್ಯಾಕ್ಸ್‌ಗೆ ಹೊತ್ತು ಕೂಡಿ ಬಂದದ್ದು ನಿಜ. 2014ರಲ್ಲಿ ಅವನನ್ನು ಮರ್ಸಿಡಿಸ್ ಕೂಡ ಕೇಳಿತ್ತು. ಆದರೆ ಅವರು ಕೊಡಬಹುದಾಗಿದ್ದು ಕೆಳಗಿನ ಹಂತದ ಸೀಟು. ರೆಡ್ ಬುಲ್‌ಗೆ ಎರಡು ತಂಡ ಇದ್ದವು, ರೆಡ್ ಬುಲ್ ಮತ್ತು ಟೊರೊ ರೊಸ್ಸೊ. ರೆಡ್ ಬುಲ್‌ನ ಆಗಿನ ಸಲಹೆಗಾರ ಹೆಲ್ಮುಟ್ ಮಾರ್ಕೊ ನೇರವಾಗಿ ಟೊರೊ ರೊಸ್ಸೊ ಕಾರು ಮುಂದಿಟ್ಟರು. ಆಗಸ್ಟ್ 12ಕ್ಕೆ ಜೂನಿಯರ್ ತಂಡಕ್ಕೆ ಸೇರಿದ, 18ಕ್ಕೆ 2015ರ ಚಾಲಕ ಅಂತ ಘೋಷಣೆ. ಒಂದೇ ವಾರ.

ಆಮೇಲೆ ಇಟಲಿಯ ಆಡ್ರಿಯಾದಲ್ಲಿ ಹಳೆಯ ಕಾರು ಕೊಟ್ಟು ಸೂಪರ್ ಲೈಸೆನ್ಸ್‌ಗೆ (ಫಾರ್ಮುಲಾ 1 ಓಡಿಸಲು ಬೇಕಾದ ಪರವಾನಗಿ) ಬೇಕಾದ ದೂರ ಓಡಿಸಿದರು. ಸುಝುಕಾದ ಆ ಮೊದಲ ಶುಕ್ರವಾರ 12ನೇ ವೇಗದ ಸಮಯ ಬರೆದ. 2015ರ ಮಾರ್ಚ್ 15ರಂದು ಮೆಲ್ಬರ್ನ್‌ನಲ್ಲಿ ಮೊದಲ ರೇಸ್, 17 ವರ್ಷ 166 ದಿನ. ಪಾಯಿಂಟ್ ಬರುವ ಜಾಗದಲ್ಲಿದ್ದಾಗ ಎಂಜಿನ್ ಹೋಯಿತು. ಎರಡು ವಾರದ ನಂತರ ಮಲೇಷ್ಯಾದಲ್ಲಿ ಏಳನೆಯವನಾಗಿ ಮುಗಿಸಿದ.

ಶಿರಸಿ ಅಕ್ಕ:

ಆಗ ರಸ್ತೆಯಲ್ಲಿ ಕಾರು ಓಡಿಸಲು ಲೈಸೆನ್ಸ್ ಇತ್ತೇ ಅವನಿಗೆ?

ಹಳೆ ಪಿಟ್ ಬೋರ್ಡ್:

ಇರಲಿಲ್ಲ ಮೇಡಂ. ಅದು ಸಿಕ್ಕಿದ್ದು 18ನೇ ಹುಟ್ಟುಹಬ್ಬದ ದಿನ, 2015ರ ಸೆಪ್ಟೆಂಬರ್ 30ರಂದು. ಅಷ್ಟರಲ್ಲಿ ಅವನು ಹತ್ತಕ್ಕೂ ಹೆಚ್ಚು ಫಾರ್ಮುಲಾ 1 ರೇಸ್ ಓಡಿಸಿಯಾಗಿತ್ತು. ಅವನು ಬಂದ ಮೇಲೆ ಕಾರು ರೇಸ್‌ಗಳ ವಿಶ್ವ ಸಂಸ್ಥೆ ಎಫ್‌ಐಎ ಸೂಪರ್ ಲೈಸೆನ್ಸ್ ನಿಯಮವನ್ನೇ ಬದಲಿಸಿತು. 2016ಕ್ಕೆ ಬಂದ ನಿಯಮದಲ್ಲಿ ಇದ್ದದ್ದು ಕನಿಷ್ಠ 18 ವರ್ಷ, ರಸ್ತೆ ಲೈಸೆನ್ಸ್, ಸಣ್ಣ ಫಾರ್ಮುಲಾಗಳಲ್ಲಿ ಕನಿಷ್ಠ ಎರಡು ಸೀಸನ್, ಅಲ್ಲಿ ಪಡೆದ ಸ್ಥಾನಗಳಿಗೆ ಮೂರು ವರ್ಷದಲ್ಲಿ 40 ಪಾಯಿಂಟ್. ಆ ನಿಯಮ ಒಂದು ವರ್ಷ ಮೊದಲೇ ಇದ್ದಿದ್ದರೆ ಮ್ಯಾಕ್ಸ್ ಮೆಲ್ಬರ್ನ್‌ಗೆ ಬರುತ್ತಲೇ ಇರಲಿಲ್ಲ. 2016ರ ಮೇ ತಿಂಗಳಲ್ಲಿ ರೆಡ್ ಬುಲ್ ಕಾರಿನ ಮೊದಲ ರೇಸ್‌ನಲ್ಲೇ, ಸ್ಪೇನ್‌ನಲ್ಲಿ, ಗೆದ್ದ. ಫಾರ್ಮುಲಾ 1 ಗೆದ್ದ ಮೊದಲ ಡಚ್ ಚಾಲಕ. 18 ವರ್ಷ 228 ದಿನ.

ಶಿರಸಿ ಅಕ್ಕ:

ನಿಯಮ ಬಂದದ್ದು ಒಳ್ಳೆಯದಾಯಿತು. ಒಬ್ಬನಿಗೆ ಆಯಿತು ಅಂತ ಎಲ್ಲಾ ಮಕ್ಕಳನ್ನೂ ಹಾಗೆ ತಳ್ಳಬಾರದು.

ಮಳೆ ಟೈರ್:

ನಮ್ಮ ಬೆಂಗಳೂರಿನ ಕುಶ್ ಮೈನಿಯನ್ನೂ ಇಲ್ಲಿ ನೆನೆಯಬೇಕು. ಅವನೂ ಕಾರ್ಟ್‌ನಿಂದಲೇ ಬಂದವನು, ಮೆಟ್ಟಿಲು ಮೆಟ್ಟಿಲಾಗಿ ಫಾರ್ಮುಲಾ 2ರವರೆಗೆ ಹೋದ. 2024ರಲ್ಲಿ ಹಂಗೆರಿಯ ಸ್ಪ್ರಿಂಟ್ (ಚಿಕ್ಕ) ರೇಸ್‌ನಲ್ಲಿ ಮೊದಲು ಗೆರೆ ದಾಟಿದ್ದು ರಿಚರ್ಡ್ ವೆರ್ಸ್ಕೋರ್, ಅವನೂ ಡಚ್. ತಾಂತ್ರಿಕ ನಿಯಮ ಮುರಿದಿದ್ದಕ್ಕೆ ಅವನನ್ನು ಅನರ್ಹ ಮಾಡಿದರು, ಗೆಲುವು ಕುಶ್‌ಗೆ ಬಂತು. ಮುಂದಿನ ವರ್ಷ ಮೊನಾಕೊ ಸ್ಪ್ರಿಂಟ್ ಅನ್ನು ಟ್ರ್ಯಾಕ್ ಮೇಲೆಯೇ ಗೆದ್ದ. ಗೆಂಕ್ ತರದ ಟ್ರ್ಯಾಕ್ ಒಂದು ಗಂಟೆ ದೂರದಲ್ಲಿಲ್ಲದ ಊರಿನಿಂದ ಹೊರಟವನು ಅನ್ನುವುದನ್ನು ಮರೆಯಬೇಡಿ.

ಎರಡನೇ ಗೇರ್:

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ತುಂಗಾ ತೀರ:

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಂದು ವರ್ಷದಲ್ಲಿ ಹೇಗೆ ಅಂತ ಕೇಳಿದ್ದೆ. ಈಗ ನೋಡಿದರೆ ಲೆಕ್ಕ ಶುರು ಮಾಡಬೇಕಾದ್ದು ಪೆಂಬ್ರಿಯಿಂದ ಅಲ್ಲ, ಗೆಂಕ್‌ನಿಂದ. ಐಂಡ್‌ಹೋವನ್ ಅಕ್ಕ, ನೀವು ಆ ಟ್ರ್ಯಾಕ್‌ಗೆ ಹೋಗಿದ್ದೀರಾ?

ಐಂಡ್‌ಹೋವನ್ ಕನ್ನಡತಿ:

ಎರಡು ಸಲ ಹೋಗಿದ್ದೇನೆ. ಕಳೆದ ನವೆಂಬರ್‌ನಲ್ಲಿ ಮಗನ ಜೊತೆ ಹೋದಾಗ ಸೋನೆ ಮಳೆ, ಚಳಿ. ಬೇಲಿ ಪಕ್ಕ ಛತ್ರಿ ಹಿಡಿದು ನಿಂತಿದ್ದೆವು. ಏಳೆಂಟು ವರ್ಷದ ಮಕ್ಕಳು ಅಭ್ಯಾಸ ಮಾಡುತ್ತಿದ್ದರು. ಒಂದು ಪುಟ್ಟ ಹುಡುಗಿ, ಹೆಲ್ಮೆಟ್ ಅವಳ ಭುಜಕ್ಕಿಂತ ಅಗಲ. ತಿರುವಿನಲ್ಲಿ ಉಳಿದವರೆಲ್ಲಾ ಒಳಗೆ ಹೋದರೆ ಅವಳು ಹೊರ ಅಂಚಿಗೆ ಹೋಗುತ್ತಿದ್ದಳು. ಯಾಕಮ್ಮಾ ಅವಳು ಸುಮ್ನೆ ದೂರದ ದಾರಿ ಹಿಡೀತಾಳೆ ಅಂತ ಮಗ ಕೇಳಿದ. ನನಗೆ ಆಗ ಗೊತ್ತಿರಲಿಲ್ಲ. ಇವತ್ತು ಸಂಜೆ ಅವನು ಸ್ಕೂಲಿನಿಂದ ಬಂದ ಮೇಲೆ ಹೇಳುತ್ತೇನೆ.